ಗರಡಿಯ ಕೆಂಪು ಕಣ್ಣು

ನನ್ನ ಬೀರುವಿನಲ್ಲಿ, ಶಾಲುಗಳ ಕೆಳಗೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕರಿಯ ಡಬ್ಬಿ ಇದೆ. ಅದರ ಹೊಟ್ಟೆಯ ಕಡೆಗೆ ಒಂದು ಗಾಜು. ಗುಂಡಿ ಒತ್ತಿದರೆ ಗಾಜಿನ ಹಿಂದೆ ಕೆಂಪು ಬೆಳಕು ಹೊತ್ತಿಕೊಳ್ಳುತ್ತದೆ. ಗಾಜಿನ ಮೂಲೆಯಲ್ಲಿ ಎಳ್ಳಿನಷ್ಟು ದೊಡ್ಡ ಕಲೆಯೊಂದಿದೆ. ಬೆಳಕು ಅಲ್ಲಿ ಮಾತ್ರ ಹಾಯುವುದಿಲ್ಲ. "ಕೆಲಸಕ್ಕೆ ಬಾರದ ಡಬ್ಬಿ, ಗುಜರಿಗೆ ಹಾಕಿ" ಎಂದು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದಾರೆ. ನಾನು ಹೂಂ ಎನ್ನುತ್ತೇನೆ, ಹಾಕುವುದಿಲ್ಲ.

ಆ ಕಾಲದಲ್ಲಿ ನಾನು ನಮ್ಮೂರ ಹಳೇ ಗರಡಿಯ ಪೈಲ್ವಾನನಾಗಿದ್ದೆ. ಹೀಗೆಂದರೆ ಈಗ ನನ್ನನ್ನು ನೋಡಿದವರು ನಗುತ್ತಾರೆ. ಆಗ ನೋಡಿದವರೂ ನಗುತ್ತಿದ್ದರು. ಹತ್ತು ವರ್ಷ ಸಾಮು ಮಾಡಿದ್ದೆ, ಹಾಲು ಬಾದಾಮಿ ತಿಂದಿದ್ದೆ, ಕೆಮ್ಮಣ್ಣಿನ ಮಟ್ಟಿಯಲ್ಲಿ ಹಂದಿಯ ಹಾಗೆ ಹೊರಳಿದ್ದೆ. ಆದರೆ ಒಂದೇ ಒಂದು ಕುಸ್ತಿ ಗೆದ್ದವನಲ್ಲ. ಒಮ್ಮೆ ಎದುರಾಳಿ ಬಾರದೆ ಹೋಗಿದ್ದರಿಂದ ಗೆಲ್ಲುವವನಿದ್ದೆ. ಕೊನೇ ಗಳಿಗೆಯಲ್ಲಿ ಪುಣ್ಯಾತ್ಮ ಓಡೋಡಿ ಬಂದು ನನ್ನನ್ನು ಚಿತ್ ಮಾಡಿಯೇ ಹೋದ. ಗರಡಿಯಲ್ಲಿ ನನ್ನ ಹೆಸರು ಕಡ್ಡಿ. ಆ ಹೆಸರನ್ನಿಟ್ಟವರು ನಮ್ಮ ಉಸ್ತಾದರು, ಸಣ್ಣರಂಗಪ್ಪನವರು. ಹೆಸರಿನಲ್ಲಿ ಮಾತ್ರ ಸಣ್ಣ. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ಅರವತ್ತು ದಾಟಿದ್ದರೂ ಕೆಂಡದಂಥ ಕಣ್ಣು, ಕಿವಿಯವರೆಗೆ ಹೋದ ಬಿಳಿ ಮೀಸೆ. ನನಗೆ ಅಪ್ಪ ಇರಲಿಲ್ಲ. ಹಾಗಾಗಿ ಅವರು ಬೈದರೂ ನನಗೆ ಹಬ್ಬವೇ.

ಗರಡಿಯಲ್ಲಿ ಅವರ ಮಾತೇ ಕಾನೂನು. ಆದರೆ ಅವರ ಮೇಲೂ ಒಂದು ಕಾನೂನಿತ್ತು. ವರ್ಷಕ್ಕೊಮ್ಮೆ ಮಟ್ಟಿ ಪೂಜೆಯ ದಿನ ಉಸ್ತಾದನಾದವನು ಹನುಮಂತರಾಯನ ಎದುರಿಗೆ ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ, ಐನೂರ ಒಂದು ಬಸ್ಕಿ ಹೊಡೆಯಬೇಕು. ನಡುವೆ ನಿಂತರೆ ಉಸ್ತಾದನ ಗುರುತಾದ ಗದೆಯನ್ನು ಹಿರಿಯ ಶಿಷ್ಯನ ಕೈಗೆ ಕೊಟ್ಟು ಕೆಳಗಿಳಿಯಬೇಕು. ಸಣ್ಣರಂಗಪ್ಪನವರು ಇಪ್ಪತ್ತಾರು ವರ್ಷ ಹೊಡೆದಿದ್ದರು. ಹಿರಿಯ ಶಿಷ್ಯ ಮೊಗಣ್ಣ, ಎತ್ತಿನಂಥ ಆಳು, ಎತ್ತಿನಷ್ಟೇ ಸಾಧು. ಅವನಿಗೆ ಗದೆಯ ಆಸೆಯೇನೂ ಇರಲಿಲ್ಲ. ಗದೆ ಎಂಬ ಮಾತು ಬಂದರೆ ಅವನೇ ಎದ್ದು ಆಚೆ ಹೋಗುತ್ತಿದ್ದ.

ಹೊಟ್ಟೆಪಾಡಿಗೆ ನಾನು ಊರಿನ ವ್ಯಾಯಾಮ ಕಾಲೇಜಿನಲ್ಲಿ ಪ್ರಯೋಗಶಾಲೆಯ ಸಹಾಯಕನಾಗಿದ್ದೆ. ಅಲ್ಲಿಗೆ ಇಂದುಮತಿ ಎಂಬ ಡಾಕ್ಟರು ಬಂದರು. ಮೂವತ್ತೈದರ ಆಸುಪಾಸು, ಕಡ್ಡಿ ಮುರಿದ ಹಾಗೆ ಮಾತು. ಅವರ ಕೈಯಲ್ಲಿದ್ದದ್ದೇ ಈ ಡಬ್ಬಿ. ಇದನ್ನು ತೊಡೆಗೆ ಪಟ್ಟಿಯಿಂದ ಬಿಗಿದು ಕಟ್ಟಿದರೆ ಬೆಳಕು ಚರ್ಮದೊಳಗೆ ಎರಡು ಬೆರಳಿನಷ್ಟು ಇಳಿಯುತ್ತದೆ. ಆಮ್ಲಜನಕ ತುಂಬಿದ ರಕ್ತಕ್ಕೆ ಒಂದು ಬಣ್ಣ, ಖಾಲಿಯಾದ ರಕ್ತಕ್ಕೆ ಇನ್ನೊಂದು ಬಣ್ಣ. ಒಳಗೆ ಹೋದ ಬೆಳಕು ಎಷ್ಟು ಮರಳಿ ಬಂತು ಎಂಬುದರ ಮೇಲೆ ಸ್ನಾಯುವಿನಲ್ಲಿ ಆಮ್ಲಜನಕ ಎಷ್ಟಿದೆ ಎಂದು ತಿಳಿಯುತ್ತದೆ. ಸೂಜಿ ಚುಚ್ಚುವುದಿಲ್ಲ, ಹನಿ ರಕ್ತ ತೆಗೆಯುವುದಿಲ್ಲ. ಪರದೆಯ ಮೇಲೆ ಒಂದು ಗೆರೆ ಬರುತ್ತದೆ, ಅಷ್ಟೆ. ಭಾರದ ವ್ಯಾಯಾಮ ಮಾಡುವಾಗ ಆ ಗೆರೆ ಹೇಗೆ ಏರಿಳಿಯುತ್ತದೆ ಎಂದು ಅವರು ಪ್ರಬಂಧ ಬರೆಯುತ್ತಿದ್ದರು. ಕಾಲೇಜಿನ ಹುಡುಗರು ಮೂವತ್ತು ಬಸ್ಕಿಗೆ ಮಕಾಡೆ ಬೀಳುತ್ತಿದ್ದರು. "ನೂರಿನ್ನೂರು ಹೊಡೆಯೋರು ಈ ಊರಲ್ಲಿ ಯಾರೂ ಇಲ್ವೇನ್ರೀ?" ಎಂದರು. ನನ್ನ ಎದೆ ಉಬ್ಬಿತು. ಉಬ್ಬುವುದಕ್ಕೆ ಅಲ್ಲಿದ್ದದ್ದು ಮೂಳೆ ಮಾತ್ರ, ಆದರೂ ಉಬ್ಬಿತು.

ಮರುದಿನವೇ ಅವರನ್ನು ಗರಡಿಗೆ ಕರೆದುಕೊಂಡು ಹೋದೆ. ಉಸ್ತಾದರು ಡಬ್ಬಿಯನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮುಖದಲ್ಲಿ ನಗೆಯಿರಲಿಲ್ಲ.

"ಇದು ಒಳಗಿರೋದೆಲ್ಲ ಕಾಣ್ತದಾ?"

"ಎಲ್ಲಾ ಅಲ್ಲ ಯಜಮಾನರೇ," ಎಂದರು ಡಾಕ್ಟರು ಹೊರಗಿನ ಕಟ್ಟೆಯ ಮೇಲೆ ಕುಳಿತು. "ಬಾವಿ ಇದೆ ಅನ್ಕೊಳ್ಳಿ. ನೀರು ಸೇದ್ತಾ ಹೋದ್ರೆ ಮಟ್ಟ ಇಳಿಯುತ್ತೆ. ಸುಮ್ಮನಿದ್ರೆ ಮತ್ತೆ ಊರುತ್ತೆ. ಎಷ್ಟು ಇಳೀತು, ಎಷ್ಟು ಬೇಗ ಊರಿತು, ಅಷ್ಟೇ ನೋಡೋದು."

"ಊರದೇ ಹೋದ್ರೆ?"

"ಊರದೇ ಏನು? ಒರತೆ ಇರೋ ಬಾವಿ ಊರೇ ಊರುತ್ತೆ."

ಉಸ್ತಾದರು ಹೂಂ ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಆ ಪ್ರಶ್ನೆ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಒಂದು ತೊಡಕಿತ್ತು. ಮಟ್ಟಿಯಿರುವ ಮನೆಯೊಳಗೆ ಹೆಂಗಸರು ಕಾಲಿಡುವ ಪದ್ಧತಿ ಇರಲಿಲ್ಲ. ಅದನ್ನು ಹೇಳಲು ಮೊಗಣ್ಣ ಬೆವರಿಬಿಟ್ಟ. ಡಾಕ್ಟರು, "ನಿಮ್ಮ ಮಟ್ಟಿ ನನಗ್ಯಾಕ್ರೀ, ಗೆರೆ ಸಿಕ್ರೆ ಸಾಕು" ಎಂದು ಒಂದು ಸ್ಟೂಲು ತರಿಸಿಕೊಂಡು ಹೊಸ್ತಿಲಿನಾಚೆ, ಒಳಗಿನದು ಕಾಣದ ಹಾಗೆ ಗೋಡೆಯ ಮರೆಗೆ ಕುಳಿತರು. ಡಬ್ಬಿಯಿಂದ ಹೊರಟ ಉದ್ದನೆಯ ತಂತಿ ಹೊಸ್ತಿಲು ದಾಟಿ ಅವರ ಮಡಿಲಿನ ಪರದೆಗೆ ಹೋಗುತ್ತಿತ್ತು. ಒಳಗೆ ಕಟ್ಟುವವನು ನಾನು, ಹೊರಗೆ ನೋಡುವವರು ಅವರು. ಯಾರ ಕಾಲೆಂದು ನಾನು ಕೂಗಿ ಹೇಳಬೇಕು, ಅವರು ಬರೆದುಕೊಳ್ಳಬೇಕು.

ಮೊದಲ ಎರಡು ದಿನ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಪೈಲ್ವಾನರು ಒಬ್ಬೊಬ್ಬರಾಗಿ ಬಸ್ಕಿ ಹೊಡೆದರು. ಒಬ್ಬನ ಗೆರೆಯೂ ಇಳಿಯಲಿಲ್ಲ. ಮೊಗಣ್ಣ ಮುನ್ನೂರು ಹೊಡೆದ, ಗೆರೆ ನೂಲು ಹಿಡಿದ ಹಾಗೆ ನೇರ. ನಾನು ಇಪ್ಪತ್ತೆರಡಕ್ಕೆ ಕಣ್ಣು ಕತ್ತಲೆ ಬಂದು ಕುಕ್ಕರಿಸಿದೆ, ನನ್ನದೂ ನೇರ. "ಕಡ್ಡಿದೂ ಮೊಗಣ್ಣಂದೂ ಒಂದೇ ಅಂತೆ ಕಣ್ರಲಾ!" ಎಂದು ಸುದ್ದಿಯಾಯಿತು. ಅಂದು ಸಂಜೆ ಪೇಟೆಯಲ್ಲಿ ಇಬ್ಬರು ನನಗೆ ನಮಸ್ಕಾರ ಮಾಡಿದರು. ನಾನೂ ತೋಳು ಮೈಯಿಂದ ಒಂದು ಗೇಣು ದೂರ ಹಿಡಿದುಕೊಂಡು ನಡೆದೆ.

ಮೂರನೆಯ ದಿನ ಡಾಕ್ಟರು ಸಿಟ್ಟಿನಿಂದ ಡಬ್ಬಿಯನ್ನು ಕಿತ್ತುಕೊಂಡು ಹೊಟ್ಟೆ ಮೇಲೆ ಮಾಡಿ ನೋಡಿದರು. ಗಾಜಿನ ತುಂಬ ಗಂಧ, ಅದರ ಮೇಲೆ ಕಾಸಗಲದ ಕುಂಕುಮ, ಅಂಚಿನಲ್ಲಿ ಒಣಗಿದ ತುಂಬೆ ಹೂವಿನ ಎಸಳು. ಕಟ್ಟುವಾಗ ನನಗೂ ಕಂಡಿತ್ತು, ಪೂಜೆ ಮಾಡಿದ ಯಂತ್ರ ಇರುವುದೇ ಹಾಗೆ ಎಂದುಕೊಂಡಿದ್ದೆ. ರಾತ್ರಿ ಹೊತ್ತು ಡಬ್ಬಿ ಜೋಪಾನವಾಗಿರಲೆಂದು ಉಸ್ತಾದರ ಮನೆಯಲ್ಲಿ ಇಡುತ್ತಿದ್ದೆವು. ಅವರ ಹೆಂಡತಿ ಪುಟ್ಟಾಜಮ್ಮನವರು ಬೆಳಗ್ಗೆ ಎದ್ದು, ಮನೆಗೆ ಬಂದ ಹೊಸ ಯಂತ್ರಕ್ಕೆ ಯಾರೇ ಆದರೂ ಮಾಡುವುದನ್ನು ಮಾಡಿದ್ದರು. ಅದೂ ಹಿಂದೆ ಮುಂದೆ ನೋಡಿ, ಕಣ್ಣಿನ ಹಾಗೆ ಹೊಳೆಯುವ ಜಾಗವೇ ಅದರ ಹಣೆಯಿರಬೇಕೆಂದು, ಅಲ್ಲಿಗೇ ಇಟ್ಟಿದ್ದರು.

"ಎರಡು ದಿನದಿಂದ ಬೆಳಕು ನಿಮ್ಮ ಕಾಲು ನೋಡೇ ಇಲ್ಲ," ಎಂದರು ಡಾಕ್ಟರು. "ಕುಂಕುಮ ನೋಡ್ಕೊಂಡು ವಾಪಸ್ ಬಂದಿದೆ."

ಪುಟ್ಟಾಜಮ್ಮ ಸೆರಗು ಬಾಯಿಗಿಟ್ಟುಕೊಂಡರು. "ಅಯ್ಯೋ ನನ್ನ ಕೈ ಸೇದೋಗ! ಬರೀ ಹಣೇಲಿ ಹೆಂಗವ್ವ ಕಳ್ಸದು ಅಂತ ಇಟ್ಟೆ ಕಣ್ ತಾಯಿ." ಎಲ್ಲರಿಗಿಂತ ಜೋರಾಗಿ ನಕ್ಕವರು ಉಸ್ತಾದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಕೇಳಿದರು: "ಅಂದ್ರೆ, ಒಂದು ಬೊಟ್ಟು ಇಟ್ರೆ ಇದ್ಕೆ ಕಣ್ಣು ಕಾಣಾಕಿಲ್ಲ ಅನ್ನು!"

ಗಾಜು ಒರೆಸಿದ ಮೇಲೆ ಎಲ್ಲರ ಬಂಡವಾಳ ಬಯಲಾಯಿತು. ಮೊಗಣ್ಣನ ಗೆರೆ ನಿಧಾನವಾಗಿ ಇಳಿದು ಬೇಗ ಏರುತ್ತಿತ್ತು. ನನ್ನದು ಹತ್ತನೆಯ ಬಸ್ಕಿಗೇ ಇಳಿದು, ಸುಮ್ಮನೆ ಕುಳಿತರೆ ಪಾಪ ಎಂದು ಮೇಲೇರುತ್ತಿತ್ತು. ಯಂತ್ರ ಸರಿಯಿದೆಯೋ ಇಲ್ಲವೋ ಎಂದು ನೋಡಲು ಡಾಕ್ಟರು ನನ್ನ ಎಡತೊಡೆಯನ್ನೇ ಬಳಸತೊಡಗಿದರು. ಪ್ರತಿದಿನ ಅದೇ ಗೆರೆ. "ನಿಮ್ಮ ಕಾಲು ಗಡಿಯಾರ ಇದ್ದ ಹಾಗೆ ಕಣ್ರೀ. ಕೆಟ್ಟದ್ದು, ಆದ್ರೆ ನಂಬಬಹುದು" ಎಂದರು. ನನ್ನ ಕಾಲಿಗೆ ಅಂಥ ಮಾತು ಅದೇ ಮೊದಲು.

ಕೊನೆಗೆ ಉಸ್ತಾದರ ಸರದಿ ಬಂತು. ಎಲ್ಲರಿಗೂ ಎಡತೊಡೆಗೆ ಕಟ್ಟಿದ್ದೆ. ಬಗ್ಗಿ ಪಟ್ಟಿ ಸುತ್ತಲು ಹೋದಾಗ ಅವರು ಕಾಲು ಹಿಂದಕ್ಕೆಳೆದುಕೊಂಡರು.

"ಬಲಗಾಲಿಗೆ ಕಟ್ಲಾ. ಗರಡಿಗೆ ಯಾವ ಕಾಲಿಟ್ಟು ಬತ್ತೀಯ? ಬಲಗಾಲಲ್ವಾ? ಉಸ್ತಾದನ ಮೈಗೆ ಮೊದಲ್ನೇ ಸಲ ಏನೋ ಕಟ್ತಾ ಇದ್ದೀಯ, ಅದ್ನ ಎಡಕ್ಕಾ ಕಟ್ಟಾದು?"

ನ್ಯಾಯವಾದ ಮಾತೇ. ಹೊರಗೆ ಕೂಗಿ ಹೇಳಿದೆ. ಡಾಕ್ಟರು "ಆಯ್ತು, ಎಡಗಾಲು ನಾಳೆ ನೋಡೋಣ" ಎಂದರು. ನಾವೆಲ್ಲ ಎಡಕ್ಕೆ ಕಟ್ಟಿಸಿಕೊಳ್ಳುವಾಗ ಆ ಶಾಸ್ತ್ರ ಅವರಿಗೇಕೆ ನೆನಪಾಗಲಿಲ್ಲ ಎಂದು ನನಗೂ ಅನಿಸಲಿಲ್ಲ. ಬಲಗಾಲಿನ ಗೆರೆ ಚೆನ್ನಾಗಿಯೇ ಬಂತು. ಅವರ ಬಸ್ಕಿ ಮಾತ್ರ ಈಚೆಗೆ ಒಂದು ರೀತಿಯಾಗಿತ್ತು. ನೂರಾಗುತ್ತಲೇ ನಿಂತು ಯಾರನ್ನಾದರೂ ಹಿಡಿದು ಬೈಯುವುದು, ಮತ್ತೆ ನೂರು, ಮತ್ತೆ ಬೈಗುಳ. "ವಯಸ್ಸಾಯ್ತು, ಉಸ್ತಾದ್ರಿಗೆ ಸಿಟ್ಟು ಜಾಸ್ತಿಯಾಯ್ತು" ಎಂದು ಗರಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಪೇಟೆಯಲ್ಲಿ ಇದಕ್ಕೆ ತದ್ವಿರುದ್ಧ. ಎರಡು ವರ್ಷದಿಂದ ಉಸ್ತಾದರು ಪೇಟೆಯವರಿಗೆ ಅಚ್ಚುಮೆಚ್ಚಾಗಿದ್ದರು. ಮೊದಲೆಲ್ಲ ಮನೆಯಿಂದ ಗರಡಿಗೆ ಆನೆ ನಡೆದ ಹಾಗೆ, ಯಾರನ್ನೂ ನೋಡದೆ ನಡೆಯುತ್ತಿದ್ದ ಮನುಷ್ಯ, ಈಗ ಅಂಗಡಿಗೊಂದು ಸಲ ನಿಲ್ಲುವರು. ಬಳೆ ಅಂಗಡಿ ಮುನೀರ್ ಸಾಬರ ಮುಂದೆ ನಿಂತು ಮಗಳ ಬಾಣಂತನ ವಿಚಾರಿಸುವರು. ಹಿಟ್ಟಿನ ಗಿರಣಿಯಲ್ಲಿ ರಾಗಿ ನುಣ್ಣಗೆ ಬಂತೇ ಎಂದು ಮುಟ್ಟಿ ನೋಡುವರು. ಟೈಲರ್ ಅಂಗಡಿಯಲ್ಲಿ ಕುಳಿತು ಗುಂಡಿಯ ದರ ಕೇಳುವರು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಏನಾದರೊಂದು ಕೊಳ್ಳುವರು. ತಲೆಯಲ್ಲಿ ಒಂದು ಕೂದಲಿಲ್ಲದ ಗಂಡ ಮೂರು ಬಾಚಣಿಗೆ ತಂದಾಗ ಪುಟ್ಟಾಜಮ್ಮ, "ಮೀಸೆಗೆ ಜಡೆ ಹಾಕ್ತೀಯಾ?" ಎಂದು ಕೇಳಿದ್ದು ಬೀದಿಗೆಲ್ಲ ಕೇಳಿಸಿತ್ತು. "ವಯಸ್ಸಾಯ್ತು, ಉಸ್ತಾದ್ರು ಮೆತ್ತಗಾದ್ರು" ಎಂದು ಪೇಟೆಯವರು ಹೇಳುತ್ತಿದ್ದರು. ಒಬ್ಬನೇ ಮನುಷ್ಯ ಒಂದು ಕಡೆ ಬಿರುಸಾಗಿ ಇನ್ನೊಂದು ಕಡೆ ಮೆತ್ತಗಾದದ್ದು ಹೇಗೆಂದು ನಾವು ಯಾರೂ ಕೇಳಿಕೊಳ್ಳಲಿಲ್ಲ.

ಮರುದಿನ ಎಡಗಾಲು. ಉಸ್ತಾದರು ಹನುಮಂತರಾಯನ ಗೂಡಿಗೆ ಹೋಗಿ ಕೈಮುಗಿದು ಬಂದರು. "ಕೊಡಿಲ್ಲಿ" ಎಂದು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ತಾವೇ ತೊಡೆಗೆ ಹಿಡಿದು, "ಹೂಂ, ಬಿಗಿಯಾಗಿ ಸುತ್ತು" ಎಂದರು. ಸುತ್ತಿದೆ. ನೂರು ಬಸ್ಕಿ, ಮೊಗಣ್ಣನಿಗೆ ಬೈಗುಳ, ನೂರು ಬಸ್ಕಿ, ನನಗೆ ಬೈಗುಳ, ನೂರು ಬಸ್ಕಿ.

ಹೊರಗಿನಿಂದ ಡಾಕ್ಟರ ದನಿ ಬಂತು. "ಏನ್ರೀ ಇದು? ಇವರ ಕಾಲಲ್ಲಿ ಆಕ್ಸಿಜನ್ ಖರ್ಚೇ ಆಗಲ್ವಾ? ಗೆರೆ ಅಲ್ಲಾಡ್ತಾನೇ ಇಲ್ಲ!"

ಪೈಲ್ವಾನರು ಜೈ ಎಂದರು. ನಾನು ಮಂಡಿಯೂರಿ ಪಟ್ಟಿ ಬಿಚ್ಚಿದೆ. ಗಾಜಿನ ತುಂಬ ಎಣ್ಣೆ ಬೆರೆತ ಕುಂಕುಮ. ತಲೆಯೆತ್ತಿದೆ. ಉಸ್ತಾದರ ಬಲಗೈ ಹೆಬ್ಬೆರಳು ಕೆಂಪಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಹತ್ತು ವರ್ಷದಲ್ಲಿ ಮೊದಲ ಸಲ ಉಸ್ತಾದರು ನನ್ನೆದುರು ಕಣ್ಣು ತಗ್ಗಿಸಿದರು.

ಎಲ್ಲರೂ ಹೋದ ಮೇಲೆ ಮಟ್ಟಿಯ ಅಂಚಿನಲ್ಲಿ ಕುಳಿತು ಹೇಳಿದರು. ಎರಡು ವರ್ಷದಿಂದ ಎಡಗಾಲು ನೂರು ಬಸ್ಕಿಗೆ ಕಲ್ಲಾಗುತ್ತದೆ. ನೂರು ಹೆಜ್ಜೆ ನಡೆದರೆ ತೊಡೆಯಿಂದ ಮೀನಖಂಡದವರೆಗೆ ಹಿಂಡಿ ಹಿಪ್ಪೆ ಮಾಡಿದ ಹಾಗೆ ನೋವು. ನಿಂತರೆ ಹೋಗುತ್ತದೆ, ನಡೆದರೆ ಬರುತ್ತದೆ. ಮುನೀರ್ ಸಾಬರ ಅಂಗಡಿಗೆ ಮನೆಯಿಂದ ನೂರ ಹತ್ತು ಹೆಜ್ಜೆ. ಅಲ್ಲಿಂದ ಗಿರಣಿಗೆ ತೊಂಬತ್ತು. ಹಿಂದಿನ ವರ್ಷದ ಮಟ್ಟಿ ಪೂಜೆಯ ದಿನ ನೂರರಿಂದಾಚೆಗೆ ಹೇಗೆ ಹೊಡೆದೆ ಎಂಬುದು ಹನುಮಂತರಾಯನಿಗೆ ಗೊತ್ತು, ಮನೆಗೆ ಹೋಗಿ ಬಚ್ಚಲಲ್ಲಿ ಅತ್ತೆ, ಎಂದರು.

"ಡಾಕ್ಟ್ರಿಗೆ ಹೇಳಣ ಉಸ್ತಾದ್ರೆ."

"ಹೇಳಿ? ಬಸ್ಕಿ ಬುಡು ಅಂತಾಳೆ. ಬುಟ್ರೆ ಗದೆ ಹೋಯ್ತದೆ. ಗದೆ ಹೋದ್ಮೇಲೆ ನಾನ್ಯಾರ್ಲಾ? ಅಂಗ್ಡಿ ಮುಂದೆ ನಿಂತ್ಕೊಳ್ಳೋ ಮುದುಕ." ಆಮೇಲೆ, "ನಿನ್ನ ಕೈ ಹಿಡ್ಕೊಂಡು ಕೇಳ್ತೀನಿ ಕಡ್ಡಿ, ಬಾಯಿ ಬುಡಬ್ಯಾಡ" ಎಂದು ನಿಜವಾಗಿಯೂ ಕೈ ಹಿಡಿದುಕೊಂಡರು. ನನಗೆ ಅಳು ಬಂತು. ಆಯಿತೆಂದೆ.

ಆಯಿತೆಂದವನಿಗೆ ಅನ್ನ ಸೇರಲಿಲ್ಲ. ಮರುದಿನ ಗರಡಿಗೆ ರಜೆ. ಡಬ್ಬಿ ಕೆಟ್ಟಿರಬೇಕೆಂಬ ಅನುಮಾನದಲ್ಲಿ ಡಾಕ್ಟರು, "ಬೆಳಗ್ಗೆ ಗರಡೀಲೇ ನಿಮ್ಮ ಎಡಗಾಲಿಗೆ ಕಟ್ಕೊಂಡು ಒಂದು ಇಪ್ಪತ್ತು ಹೊಡೀರಿ, ನೋಡಿಬಿಡ್ತೀನಿ" ಎಂದಿದ್ದರು. ನಾನು ಹೋದಾಗ ಅವರಾಗಲೇ ಸ್ಟೂಲಿನ ಮೇಲೆ ಕುಳಿತಿದ್ದರು. ಒಳಗೆ ಉಸ್ತಾದರೊಬ್ಬರೇ ಮಟ್ಟಿಗೆ ನೀರು ಚಿಮುಕಿಸುತ್ತಿದ್ದರು. ಡಬ್ಬಿ ಹಿಡಿದುಕೊಂಡು ಅವರ ಮುಂದೆ ನಿಂತೆ. ಎಲ್ಲಿಂದ ಬಂತೋ ಧೈರ್ಯ, ಪಿಸುದನಿಯಲ್ಲಿ ಹೇಳಿದೆ:

"ನಿಮಗೆ ಕಟ್ತೀನಿ. ಇಲ್ದಿದ್ರೆ ಹೋಗಿ ಹೇಳ್ತೀನಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೀಸೆಯ ಕೆಳಗೆ ನಗು ಹರಿದಾಡಿತು. "ಗರಡೀಲಿ ಬಾಯಲ್ಲಿ ನ್ಯಾಯ ಇಲ್ಲ ಕಣ್ಲಾ. ನನ್ನನ್ನ ಚಿತ್ ಮಾಡು, ಕಟ್ಟು. ಆಗ್ದಿದ್ರೆ ಇವತ್ತಿಂದ ಬಾಯಿ ಮುಚ್ಕೊಂಡಿರು."

ಅಂಗಿ ಬಿಚ್ಚಿ, ಮಟ್ಟಿಗೆ ನಮಸ್ಕಾರ ಮಾಡಿ, ಬೆಟ್ಟಕ್ಕೆ ಗುದ್ದಲು ಹೋದೆ. ಮೊದಲ ಸಲ ನನ್ನನ್ನು ಎತ್ತಿ ಮೂಟೆಯ ಹಾಗೆ ಪಕ್ಕಕ್ಕಿಟ್ಟರು. ಎರಡನೆಯ ಸಲವೂ ಇಟ್ಟರು. ಮೂರನೆಯ ಸಲ ಕಾಲಿಗೆ ಬಿದ್ದೆ. ಎಡಗಾಲು ಕೈಗೆ ಸಿಕ್ಕುವಂತಿತ್ತು. ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಬಲಗಾಲನ್ನೇ ತಬ್ಬಿ, ದೇವರೇ ಎಂದು ಮೇಲಕ್ಕೆತ್ತಿದೆ. ಇಡೀ ದೇಹದ ಭಾರ ಎಡಗಾಲಿನ ಮೇಲೆ ಹೋಯಿತು. ಒಂದು ಗಳಿಗೆ ನಿಂತರು. ಆಮೇಲೆ ಆ ಕಾಲು ಕುಸಿಯಿತು, ನಮ್ಮ ಉಸ್ತಾದರು ಬೆನ್ನಡಿಯಾಗಿ ಮಟ್ಟಿಗೆ ಬಿದ್ದರು, ಅವರ ಮೇಲೆ ನಾನು ಬಿದ್ದೆ.

ಕಾಲು ಕೈಕೊಟ್ಟು ಬಿದ್ದರೋ, ನನಗಾಗಿ ಬಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಅವರ ಮೀಸೆ ಪೂರ್ತಿ ಮಣ್ಣಾಗಿತ್ತು. ಮಲಗಿದಲ್ಲಿಂದಲೇ ನನ್ನ ಬೆನ್ನು ತಟ್ಟಿದರು. "ಭಲಾ ಕಡ್ಡಿ! ಹತ್ತೊರ್ಷಕ್ಕೆ ಒಬ್ಬನ್ನ ಕೆಡವ್ದೆ."

"ನಾನಲ್ಲ ಉಸ್ತಾದ್ರೆ, ನಿಮ್ಮ ಕಾಲು ಕೆಡವಿದ್ದು," ಎಂದು ನಾನು ಬಿಕ್ಕಿದೆ.

"ಗೆಲುವು ಗೆಲುವೇ ಕಣ್ಲಾ. ಅಳಬ್ಯಾಡ, ಇಸ್ಕೊ."

ಹೊರಗಿನಿಂದ "ಏನ್ರೀ ಅದು ದಢಾರ್ ಅಂತ? ಶುರು ಮಾಡ್ತೀರೋ ಇಲ್ವೋ?" ಎಂದು ಕೇಳಿಸಿತು. ನಾನು ಗಾಜು ಒರೆಸಿ, ಉಸ್ತಾದರ ಎಡತೊಡೆಗೆ ಡಬ್ಬಿ ಕಟ್ಟಿದೆ. ಅವರು ಎದ್ದು ನಿಂತು ಮಾತು ಉಳಿಸಿಕೊಂಡರು. ಒಂದು, ಎರಡು, ಹತ್ತು, ಇಪ್ಪತ್ತು. ನಿಲ್ಲಲಿಲ್ಲ. ಐವತ್ತು, ಎಂಬತ್ತು. ಬೈಯಲು ಯಾರೂ ಇರಲಿಲ್ಲ. ಹೊರಗಿದ್ದ ಡಾಕ್ಟರಿಗೆ ಗೆರೆ ಕಾಣುತ್ತಿತ್ತು, ಲೆಕ್ಕ ಕೇಳುತ್ತಿರಲಿಲ್ಲ. ತೊಂಬತ್ತಕ್ಕೆ ಹಲ್ಲು ಕಚ್ಚಿದರು.

"ನಿಲ್ಸಿ!" ಡಾಕ್ಟರ ದನಿ ಒಡೆದಿತ್ತು. "ನಿಲ್ಸಿ, ಕೂತ್ಕೊಳ್ಳಿ, ಕೂತ್ಕೊಳ್ಳಿ!"

ಉಸ್ತಾದರು ಗೋಡೆಗೊರಗಿ ಕುಳಿತರು. ಒಂದು ನಿಮಿಷ ಹೋಯಿತು, ಎರಡು ಹೋಯಿತು, ಮೂರು ಹೋಯಿತು.

"ಊರ್ತಾ ಇಲ್ಲ," ಎಂದು ಡಾಕ್ಟರು ತಮ್ಮಷ್ಟಕ್ಕೆ ಹೇಳಿಕೊಂಡದ್ದು ಒಳಗೆ ಕೇಳಿಸಿತು. ಆಮೇಲೆ ಬಾಗಿಲ ಕಡೆಗೆ ಕೂಗಿದರು: "ಏನ್ ಮಾಡ್ಕೊಂಡಿದ್ದೀರ್ರೀ ಕಾಲಿಗೆ? ನಿನ್ನೆ ಮೊನ್ನೆವರೆಗೂ ಸರಿಯಾಗಿತ್ತಲ್ಲ! ರಕ್ತಾನೇ ಹೋಗ್ತಿಲ್ಲ ಕಣ್ರೀ ಅದಕ್ಕೆ. ಹೀಗೇ ಬಿಟ್ರೆ ಒಂದಿನ ಕಾಲೇ ತೆಗೀಬೇಕಾಗುತ್ತೆ. ನಡೀರಿ, ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗೋಣ. ನಿಮ್ಮನೇಲಿ ಯಾರಿದ್ದಾರೆ? ಅಯ್ಯೋ, ಮಾತಾಡ್ರೀ!"

ಆಗ ನನಗೆ ಹೊಳೆಯಿತು: ಅದನ್ನು ಅವರು ನನ್ನ ಕಾಲೆಂದುಕೊಂಡಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ಹೆಸರಲ್ಲೇ ಚೀಟಿ ಬರೆಸಿಕೊಂಡು ಉಸ್ತಾದರನ್ನು ಆಸ್ಪತ್ರೆಗೆ ಕರೆದೊಯ್ದರೆ ಗುಟ್ಟೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ನನ್ನ ಕಡ್ಡಿ ಕಾಲಿಗೂ ಅವರ ಕಂಬದಂಥ ಕಾಲಿಗೂ ವ್ಯತ್ಯಾಸ ಆಸ್ಪತ್ರೆಯವರಿಗೆ ತಿಳಿಯುವುದಿಲ್ಲವೇ ಎಂದು ಯೋಚಿಸುವಷ್ಟು ಬುದ್ಧಿ ನನಗೆಲ್ಲಿತ್ತು! "ಹೂಂ ಮೇಡಂ, ನೋಯ್ತಾ ಇದೆ," ಎಂದು ಕೂಗಿದೆ.

ಉಸ್ತಾದರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಅಷ್ಟರಲ್ಲಿ ಸ್ಟೂಲು ಉರುಳಿದ ಸದ್ದಾಯಿತು. ಡಾಕ್ಟರು ಓಡಿಬಂದು ಹೊಸ್ತಿಲ ಬಳಿ ನಿಂತಿದ್ದರು. ಚಪ್ಪಲಿ ಬಿಟ್ಟಾಗಿತ್ತು, ಒಂದು ಕಾಲು ಎತ್ತಿಯಾಗಿತ್ತು. ಕಣ್ಣಲ್ಲಿ ನೀರಿತ್ತು. ಒಬ್ಬ ಮೂರು ಕಾಸಿನ ಸಹಾಯಕನ ಕಾಲಿಗಾಗಿ ಅವರಿಗೆ ಕಣ್ಣೀರು ಬಂದಿತ್ತು.

"ತಾಳವ್ವ," ಎಂದರು ಉಸ್ತಾದರು. ಗೋಡೆ ಹಿಡಿದು ಎದ್ದರು. ತೊಡೆಗೆ ಕಟ್ಟಿದ ಡಬ್ಬಿ, ಅದರ ತಂತಿ, ಮೀಸೆಯ ಮಣ್ಣು ಎಲ್ಲದರ ಸಮೇತ ಬಾಗಿಲಿಗೆ ನಡೆದರು. ನಾಲ್ಕು ಹೆಜ್ಜೆಗೆ ಎರಡು ಸಲ ನಿಂತರು. "ನೀನು ಒಳಕ್ಕೆ ಬರಬ್ಯಾಡ, ನಾನೇ ಬತ್ತೀನಿ. ಆ ಹುಡ್ಗ ಸುಳ್ಳು ಬೊಗಳ್ತಾವ್ನೆ. ಆ ಕಾಲು ಅವುಂದಲ್ಲ ಕಣವ್ವ, ನಂದು."

ಹೇಳಿ, ಎಡಗಾಲನ್ನೇ ಮುಂದಿಟ್ಟು ಹೊಸ್ತಿಲು ದಾಟಿದರು.

ದೊಡ್ಡಾಸ್ಪತ್ರೆಯಲ್ಲಿ ತೊಡೆಯ ಸಂದಿನಲ್ಲಿ ಸಣ್ಣದೊಂದು ತೂತು ಮಾಡಿ ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿದರು. ಆರು ತಿಂಗಳು ತಡವಾಗಿದ್ದರೆ ಕಾಲು ಉಳಿಯುತ್ತಿರಲಿಲ್ಲವಂತೆ. ಪುಟ್ಟಾಜಮ್ಮ ಗಂಡನ ಮಂಚದ ಪಕ್ಕ ಕುಳಿತು ಮೂರು ದಿನ ಒಂದೂ ಮಾತಾಡಲಿಲ್ಲ. ನಾಲ್ಕನೆಯ ದಿನ, "ಮೂರು ಬಾಚಣಿಗೆ ತಂದಾಗ್ಲೇ ನನಗೆ ಗೊತ್ತಾಗಬೇಕಿತ್ತು" ಎಂದು ಗೊಳೋ ಎಂದು ಅತ್ತರು. ಉಸ್ತಾದರಿಗೆ ಆಪರೇಷನ್ನಿಗಿಂತ ಅದೇ ಕಷ್ಟವಾಯಿತು.

ಎರಡು ತಿಂಗಳಿಗೆ ಮಟ್ಟಿ ಪೂಜೆ ಬಂತು. ಡಾಕ್ಟರು, "ಇಪ್ಪತ್ತೊಂದಕ್ಕೆ ಮಾತ್ರ ಅಪ್ಪಣೆ. ಇಪ್ಪತ್ತೆರಡನೇದು ಹೊಡೆದ್ರೆ ಒಳಗೆ ಬಂದುಬಿಡ್ತೀನಿ" ಎಂದು ಹೆದರಿಸಿದರು. ಉಸ್ತಾದರು ನನ್ನ ಕಡೆ ತಿರುಗಿ, "ಲೇ ಕಡ್ಡಿ, ಆ ಸ್ಟೂಲು ಒಳಕ್ಕೆ ತಂದಾಕು. ಗೆರೆ ನೋಡೋರು ಆಚೆ ಯಾಕೆ ಕೂತ್ಕೋಬೇಕು?" ಎಂದರು. ಯಾರೂ ಉಸಿರೆತ್ತಲಿಲ್ಲ. ಹನುಮಂತರಾಯನೂ ಸುಮ್ಮನಿದ್ದ. ಡಾಕ್ಟರು ಒಳಗೆ ಬಂದು ಮಟ್ಟಿಯ ಅಂಚಿನಲ್ಲಿ ಕುಳಿತರು.

ಇಪ್ಪತ್ತೊಂದು ಬಸ್ಕಿ. ಎಡತೊಡೆಯ ಮೇಲೆ ಕೆಂಪು ಕಣ್ಣು. ಗೆರೆ ಇಳಿಯಿತು, ನಿಂತ ಮೇಲೆ ಮೆಲ್ಲಗೆ, ನಾಚಿಕೊಂಡ ಹಾಗೆ, ಮೇಲೇರತೊಡಗಿತು. "ಊರ್ತಾ ಇದೆ ಯಜಮಾನರೇ," ಎಂದರು ಡಾಕ್ಟರು. ಉಸ್ತಾದರು ಗದೆಯನ್ನು ಹೆಗಲ ಮೇಲಿಂದ ಇಳಿಸಿ, ಒಂದು ಸಲ ಅದರ ತಲೆ ಸವರಿ, ಮೊಗಣ್ಣನ ಮುಂದೆ ಹಿಡಿದರು. ಮೊಗಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ಇಸ್ಕೊಳ್ಳೋ ಮುಂಡೇದೆ, ಕೈ ನೋಯ್ತದೆ" ಎಂದರು. ಆ ಎತ್ತಿನಂಥ ಆಳು ಅಳುತ್ತಲೇ ಉಳಿದ ನಾನೂರೆಂಬತ್ತು ಹೊಡೆದ. ಅದೆಲ್ಲ ಮುಗಿಯುವವರೆಗೆ ಉಸ್ತಾದರು ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ನಾನು ಅವರ ಮುಖ ನೋಡಲಿಲ್ಲ.

ಆಮೇಲೊಂದು ಫಜೀತಿಯಾಯಿತು. ಕಾಲು ಸರಿಹೋಗಿ ಉಸ್ತಾದರು ಮನೆಯಿಂದ ಗರಡಿಗೆ ಮತ್ತೆ ಆನೆ ನಡೆದ ಹಾಗೆ ನಡೆಯತೊಡಗಿದರು. ವಾರದೊಳಗೆ ಮುನೀರ್ ಸಾಬರು ನನ್ನನ್ನು ತಡೆದು ನಿಲ್ಲಿಸಿದರು. "ಏನಪ್ಪಾ, ನಮ್ಮಿಂದ ಏನಾದ್ರೂ ತಪ್ಪಾಯ್ತಾ? ಉಸ್ತಾದ್ರು ತಿರುಗೂ ನೋಡಲ್ಲ. ಮೊಮ್ಮಗು ತೆವಳ್ತಾ ಇದೆ, ಹೇಳೋಣ ಅಂದ್ರೆ ನಿಲ್ಲಲ್ಲ." ಗಿರಣಿಯವನೂ ಮುಖ ಊದಿಸಿಕೊಂಡಿದ್ದ. ಹೋಗಿ ಹೇಳಿದೆ. "ಗದೆ ಹೋದ್ಮೇಲೆ ಯಾರು ಮಾತಾಡಿಸ್ತಾರೆ ಅನ್ಕೊಂಡಿದ್ದೆ ಕಣ್ಲಾ" ಎಂದಷ್ಟೇ ಉಸ್ತಾದರು ಹೇಳಿದರು. ಮರುದಿನದಿಂದ ನೂರ ಹತ್ತನೆಯ ಹೆಜ್ಜೆಗೆ ತಪ್ಪದೆ ನಿಂತರು. ಸಾಯುವವರೆಗೂ, ಹದಿಮೂರು ವರ್ಷ ನಿಂತರು. ಅವರ ಪೆಟ್ಟಿಗೆಯಲ್ಲಿ ಇಪ್ಪತ್ತೇಳು ಬಾಚಣಿಗೆ ಸಿಕ್ಕವು.

ಡಾಕ್ಟರು ಹೊಸ ಯಂತ್ರ ಬಂದ ಮೇಲೆ ಹಳೇ ಡಬ್ಬಿಯನ್ನು ನನಗೇ ಕೊಟ್ಟು ಊರು ಬಿಟ್ಟರು. ಒಂದೊಂದು ದಿನ ಯಾರೂ ಇಲ್ಲದಾಗ ಅದನ್ನು ತೆಗೆದು, ಗುಂಡಿ ಒತ್ತಿ, ಗಾಜಿನ ಮೇಲೆ ಬೆರಳಿಡುತ್ತೇನೆ. ಬೆರಳೆಲ್ಲ ಒಳಗಿನಿಂದ ಕೆಂಪಾಗುತ್ತದೆ, ಎಳ್ಳಿನಷ್ಟು ಜಾಗ ಬಿಟ್ಟು. ಆ ಕಲೆ ಅವರ ಹೆಬ್ಬೆರಳಿನ ಕುಂಕುಮ. ಅಂದು ಅವಸರದಲ್ಲಿ ಒರೆಸಿದಾಗ ಮೂಲೆಯಲ್ಲಿ ಉಳಿದುಹೋಗಿತ್ತು. ಒದ್ದೆ ಬಟ್ಟೆಯಲ್ಲಿ ತಿಕ್ಕಿದರೆ ಹೋಗುತ್ತದೆ. ನಾನು ತಿಕ್ಕಿಲ್ಲ.